ಮೂರು ಗಂಟೆಗೆ ನಿಂತುಹೋಗುತ್ತಿದ್ದ ಕಿವಿ

“ಮುಂದಿನ ವಾರ ಯಾವ ದಿನ ಅಂತ ಹೇಳಲ್ಲ. ಕೊನೇ ಪೀರಿಯಡ್ಡಲ್ಲಿ ಡಿಕ್ಟೇಷನ್ ಕೊಡ್ತೀನಿ. ಹತ್ತು ವಾಕ್ಯ. ಬರೆದ್ರೆ ಇಲ್ಲೇ ಇರ್ಲಿ. ಇಲ್ಲ ಅಂದ್ರೆ ಮಗೂನ ನಿಮ್ಮ ಶಾಲೆಗೇ ವಾಪಸ್ ಕರ್ಕೊಂಡು ಹೋಗಿ. ನನಗೂ ಅಯ್ಯೋ ಅನ್ಸುತ್ತೆ ಮೇಡಂ, ಆದ್ರೆ ಮೂರು ಗಂಟೆ ಆಯ್ತು ಅಂದ್ರೆ ಕ್ಲಾಸಲ್ಲಿ ಗೋಡೆ ಥರ ಕೂತಿರ್ತಾಳೆ.”

ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಹೀಗೆ ಹೇಳಿದ್ದು ದಸರಾ ರಜೆ ಮುಗಿದ ಮೊದಲ ವಾರದ ಗುರುವಾರ. ವರ್ಷ ಎಂಬತ್ತೊಂದೋ ಎಂಬತ್ತೆರಡೋ, ಖಚಿತವಿಲ್ಲ. ಗುರುವಾರ ಎಂಬುದು ಮಾತ್ರ ಖಚಿತ, ಏಕೆಂದರೆ ಅದು ನನ್ನ ನೋಟ್‌ಬುಕ್ಕಿನಲ್ಲಿದೆ. ಇಲ್ಲಿ ಹೇಳುವುದರಲ್ಲಿ ನೋಟ್‌ಬುಕ್ಕಿನದು ಯಾವುದು, ಬರೀ ನನ್ನ ತಲೆಯದು ಯಾವುದು ಎಂದು ಆದಷ್ಟು ಬೇರ್ಪಡಿಸಿ ಹೇಳುತ್ತೇನೆ. ಹಾಗೆ ಮಾಡುವುದಕ್ಕೆ ಕಾರಣವೂ ಇದೆ.

ಮುಖ್ಯೋಪಾಧ್ಯಾಯಿನಿಯ ಮೇಜಿನ ಈಚೆ ನಾವು ಇಬ್ಬರಿದ್ದೆವು. ಒಬ್ಬರು ಕಿವಿ ಕೇಳದ ಮಕ್ಕಳ ಪುಟ್ಟ ಶಾಲೆಯ ಟೀಚರ್. ಆರು ವರ್ಷ ಆ ಹುಡುಗಿಗೆ ಮಾತು ಕಲಿಸಿ, ಜೂನ್‌ನಲ್ಲಿ ಅವಳನ್ನು ಎಂಟನೇ ತರಗತಿಗೆ ‘ಸ್ವಲ್ಪ ದಿನ ನೋಡೋಣವೆಂದು’ ಇಲ್ಲಿ ಕೂರಿಸಿದವರು. ಇನ್ನೊಬ್ಬ ನಾನು. ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ಎರಡು ಕೆಲಸ ಬಿಟ್ಟು, ಬನಶಂಕರಿ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಬಿಸಿಲಿನಿಂದ ಬ್ಯಾಟರಿ ಚಾರ್ಜ್ ಮಾಡುವ ಡಬ್ಬಿಗಳನ್ನು ಕಟ್ಟುತ್ತಿದ್ದೆ. ಹುಡುಗಿಯ ಕಿವಿ ಮಿಷನ್ನು ನಡೆಯುತ್ತಿದ್ದದ್ದು ಅಂಥ ಒಂದು ಡಬ್ಬಿಯಿಂದ. ಅದು ಮೂರು ಗಂಟೆಗೆ ನಿಲ್ಲುತ್ತಿತ್ತು ಎಂದರೆ ತಪ್ಪು ನನ್ನದೇ ಇರಬೇಕು.

ಹೊರಡುವಾಗ ಮುಖ್ಯೋಪಾಧ್ಯಾಯಿನಿ ಇನ್ನೊಂದು ಮಾತು ಸೇರಿಸಿದರು. “ಆ ದಿನಕ್ಕೆ ಅಂತ ಅಂಗಡಿಯಿಂದ ಹೊಸ ಸೆಲ್ ಹಾಕಿ ಕಳಿಸ್ಬೇಡಿ. ಆ ಬಿಸಿಲು ಡಬ್ಬೀನ ನಂಬಿ ವರ್ಷ ಪೂರ್ತಿ ಕೂರಿಸ್ಬಹುದಾ ಅನ್ನೋದೇ ನಂಗೆ ಗೊತ್ತಾಗ್ಬೇಕಾಗಿರೋದು.”

“ಇಲ್ಲ ಮೇಡಂ, ಹಾಕಲ್ಲ” ಎಂದು ಟೀಚರ್ ಮಾತು ಕೊಟ್ಟರು. ಹೊರಗೆ ಬಂದಮೇಲೆ ನನ್ನ ಕಡೆ ತಿರುಗಿ, “ಮಾತು ಕೊಟ್ಟಿದೀನಿ ಸಾರ್. ಇನ್ನು ನೀವುಂಟು, ನಿಮ್ಮ ಡಬ್ಬಿ ಉಂಟು” ಎಂದರು.

ಹುಡುಗಿಯ ಮನೆ ಪುಟ್ಟೇನಹಳ್ಳಿಯ ಕೆರೆಯಿಂದ ಆಚೆ, ಕರೆಂಟು ಬಾರದ ಓಣಿಯಲ್ಲಿತ್ತು. ತಂದೆ ಗಾರೆ ಕೆಲಸಕ್ಕೆ ಬೆಳಕು ಹರಿಯುವ ಮುನ್ನವೇ ಹೊರಡುವವರು. ತಾಯಿ ಮನೆಯಲ್ಲೇ ಊದುಬತ್ತಿ ಹೊಸೆಯುವವರು. ಹುಡುಗಿಯ ಮಿಷನ್ನು ಎದೆಯ ಮೇಲೆ ಜೇಬಿನಲ್ಲಿಟ್ಟುಕೊಳ್ಳುವ, ವೈರು ಕಿವಿಗೆ ಹೋಗುವ ಬಗೆಯದು. ಅವಳ ಕಿವುಡಿಗೆ ಧ್ವನಿಯನ್ನು ತುಂಬ ಏರಿಸಬೇಕಿತ್ತು. ಹಾಗಾಗಿ ಅಂಗಡಿಯ ಎರಡು ಪೆನ್ಸಿಲ್ ಸೆಲ್ಲುಗಳನ್ನು ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತಿತ್ತು. ಅದಕ್ಕೇ ಮತ್ತೆ ಮತ್ತೆ ಚಾರ್ಜ್ ಆಗುವ ನಿಕಲ್ ಸೆಲ್ಲುಗಳ ಎರಡು ಜೋಡಿ ಕೊಟ್ಟಿದ್ದೆವು. ಒಂದು ಜೋಡಿ ಹುಡುಗಿಯ ಜೊತೆ ಶಾಲೆಗೆ, ಇನ್ನೊಂದು ಮನೆಯ ಡಬ್ಬಿಯಲ್ಲಿ. ಸಂಜೆ ಅದಲುಬದಲು.

ಡಬ್ಬಿಗೆ ಕರೆಂಟು ಕೊಡುತ್ತಿದ್ದದ್ದು ಅರ್ಧ ಸ್ಲೇಟಿನಷ್ಟು ಅಗಲದ ಸೋಲಾರ್ ಪ್ಯಾನೆಲ್. ಒಡೆದುಹೋದ ದುಂಡು ಸಿಲಿಕಾನ್ ಬಿಲ್ಲೆಗಳಿಂದ ಕತ್ತರಿಸಿದ ಹನ್ನೆರಡು ಚೂರುಗಳನ್ನು ಸರಪಣಿಯಂತೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಬೆಸೆದು, ಮೇಲೆ ಗಾಜು ಹಾಕಿ ಮುಚ್ಚಿದ್ದೆ. ಪ್ರತಿ ಚೂರೂ ಬಸ್ ಟಿಕೆಟ್ಟಿನ ಅರ್ಧದಷ್ಟಿತ್ತು. ಅದನ್ನು ಹೆಂಚಿನ ಮಾಡಿನ ಅಂಚಿಗೆ, ಜಗಲಿಯ ಮೇಲೆ ನಿಂತರೆ ಕೈಗೆ ಎಟುಕುವಂತೆ, ದಕ್ಷಿಣಕ್ಕೆ ಓರೆ ಮಾಡಿ ಕಟ್ಟಿದ್ದೆ. ಕಟ್ಟಿದ ದಿನ ತಾಯಿಗೆ ‘ಗಾಜು ಶುಚಿಯಾಗಿರಲಿ’ ಎಂದಷ್ಟೇ ಹೇಳಿದ್ದೆ. ಇದು ನನ್ನ ತಲೆಯದು, ನೋಟ್‌ಬುಕ್ಕಿನದಲ್ಲ.

ಆಗಸ್ಟಿನಲ್ಲಿ ಕಟ್ಟಿದಾಗಿನಿಂದ ದಸರೆಯವರೆಗೆ ಎಲ್ಲ ಸರಿಯಾಗಿತ್ತು. ಶಾಲೆ ಮತ್ತೆ ತೆರೆದ ಮೇಲೆ ಮೂರೂವರೆಗೆ ಮಿಷನ್ನು ನಿಂತಿತು. ಮರುದಿನ ಮೂರಕ್ಕೆ. ನಿಕಲ್ ಸೆಲ್ಲಿನ ಗುಣವೇ ಹಾಗೆ. ಅಂಗಡಿಯ ಸೆಲ್ಲು ಸಣ್ಣಗಾಗುತ್ತ ಸಣ್ಣಗಾಗುತ್ತ ಸಾಯುತ್ತದೆ. ಇದು ಕೊನೆಯವರೆಗೂ ಗಟ್ಟಿಯಾಗಿದ್ದು ಒಮ್ಮೆಲೇ ಕೈಬಿಡುತ್ತದೆ. ಹುಡುಗಿಗೆ ಅರ್ಧ ವಾಕ್ಯ ಕೇಳಿಸುತ್ತಿತ್ತು, ಉಳಿದರ್ಧ ಕೇಳಿಸುತ್ತಿರಲಿಲ್ಲ.

ನಾನು ಮೊದಲು ದೂರಿದ್ದು ಮೋಡವನ್ನು. ಆದರೆ ಆ ವಾರ ಬಿಸಿಲು ಚೆನ್ನಾಗಿಯೇ ಇತ್ತು. ಬುಧವಾರ ಹೋಗಿ ಮೀಟರ್ ಹಾಕಿ ನೋಡಿದಾಗ ಎಂಬತ್ತೈದು ಮಿಲಿಆಂಪಿಯರ್ ಹರಿಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಮತ್ತೆ ಹೋದೆ. ಎಂಬತ್ನಾಲ್ಕು. ಬೇಕಾದದ್ದಕ್ಕಿಂತ ಹೆಚ್ಚೇ. ಎರಡು ಸಲವೂ ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ಗಾಜು ಹೊಳೆಯುತ್ತಿದ್ದುದಕ್ಕೆ ನಾನು ತಾಯಿಯನ್ನು ಹೊಗಳಿದೆ ಕೂಡ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು.

ಹಗಲು ಸೆಲ್ಲು ತುಂಬುತ್ತಿದೆ, ಆದರೂ ಮರುದಿನ ಖಾಲಿ ಎಂದರೆ ರಾತ್ರಿ ಸೋರುತ್ತಿರಬೇಕು. ಕತ್ತಲಾದ ಮೇಲೆ ಸೆಲ್ಲಿನ ಕರೆಂಟು ಪ್ಯಾನೆಲ್ಲಿಗೆ ಹಿಂದಕ್ಕೆ ಹರಿಯದ ಹಾಗೆ ಡಬ್ಬಿಯೊಳಗೆ ಒಂದು ಡಯೋಡ್ ಇರಬೇಕು. ಅದು ಒಂದೇ ಕಡೆಗೆ ಬಿಡುವ ಬಾಗಿಲು. ಅದನ್ನು ಬೆಸೆದಿದ್ದೆನೇ? ನೋಟ್‌ಬುಕ್ಕಿನಲ್ಲಿ ‘ಡಯೋಡ್’ ಎಂದು ಬರೆದು ಪಕ್ಕದಲ್ಲಿ ಸರಿ ಗುರುತು ಹಾಕಿತ್ತು. ಆದರೆ ನನ್ನ ತಲೆಯಲ್ಲಿ ಇನ್ನೊಂದು ಚಿತ್ರ ಸ್ಪಷ್ಟವಾಗಿತ್ತು: ಆ ಡಬ್ಬಿ ಕಟ್ಟುವ ದಿನ ಡಯೋಡುಗಳು ಮುಗಿದು, ಸಿಟಿಯಿಂದ ತಂದ ಮೇಲೆ ಹಾಕೋಣವೆಂದು ಅದನ್ನು ಬದಿಗಿಟ್ಟದ್ದು. ಮೊದಲು ಗುರುತು ಹಾಕಿ ಆಮೇಲೆ ಕೆಲಸ ಮಾಡುವ ಕೆಟ್ಟ ಚಾಳಿ ನನಗಿತ್ತು. ಯಾವುದನ್ನು ನಂಬುವುದು?

ಡಬ್ಬಿಯೊಳಗೆ ನೀರು ಹೋಗದಂತೆ ಗಟ್ಟಿಯಾಗುವ ಅಂಟನ್ನು ಸುರಿದು ತುಂಬಿದ್ದೆ. ತೆರೆಯಬೇಕೆಂದರೆ ಒಡೆಯಬೇಕು. ಶುಕ್ರವಾರವೇ ಬಿಚ್ಚಿ ಶೆಡ್ಡಿಗೆ ತಂದಿದ್ದೆ; ಶನಿವಾರ ಬೆಳಿಗ್ಗೆ ಉಳಿ ಹಿಡಿದು ಕೂತೆ.

ಶೆಡ್ಡಿನ ಯಜಮಾನರು ದೊಡ್ಡ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಹನುಮಂತನಗರದಿಂದ ದಿನವೂ ನಡೆದೇ ಬರುತ್ತಿದ್ದರು. ನಾನು ಕುಟ್ಟುವುದನ್ನು ಕಾಲು ಗಂಟೆ ನೋಡಿ, “ಬರೆದಿರೋದ್ರ ಮೇಲೂ ನಂಬಿಕೆ ಇಲ್ಲ, ನೆನಪಿರೋದ್ರ ಮೇಲೂ ನಂಬಿಕೆ ಇಲ್ಲ. ನಿನ್ನನ್ನ ಕಟ್ಕೊಳ್ಳೋಳು ಪಾಪ, ದಿನಾ ಬೆಳಿಗ್ಗೆ ಮದುವೆ ಫೋಟೋ ತೋರಿಸ್ಬೇಕು” ಎಂದರು.

“ಒಡೆದು ನೋಡಿದ್ರೆ ಗೊತ್ತಾಗುತ್ತಲ್ಲ ಸಾರ್.”

“ಗೊತ್ತಾಗುತ್ತೆ. ಇದ್ರೆ ಏನ್ ಮಾಡ್ತೀಯ?”

ನಾನು ಮತ್ತೆ ಉಳಿಯ ಮೇಲೆ ಕುಟ್ಟಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಅಂಟಿನ ಗಟ್ಟಿಯೊಳಗಿಂದ ಡಯೋಡ್ ಹೊರಬಂತು. ಸರಿಯಾದ ದಿಕ್ಕಿಗೇ ಬೆಸೆದಿತ್ತು. ಮೀಟರ್ ಹಾಕಿದೆ, ಚೆನ್ನಾಗಿಯೇ ಇತ್ತು. ನೋಟ್‌ಬುಕ್ಕು ನಿಜ ಹೇಳಿತ್ತು; ಅಷ್ಟು ಸ್ಪಷ್ಟವಾಗಿದ್ದ ನನ್ನ ನೆನಪು ಸುಳ್ಳಾಗಿತ್ತು. ಅದು ಬೇರೆ ಯಾವುದೋ ಡಬ್ಬಿಯ ನೆನಪಿರಬಹುದು. ಈಗ ಕೈಯಲ್ಲಿ ಒಂದು ಒಡೆದ ಡಬ್ಬಿ, ದೋಷ ಎಲ್ಲಿದೆಯೋ ತಿಳಿಯದು, ಸೋಮವಾರಕ್ಕೆ ಒಂದೇ ದಿನ.

ಮಧ್ಯಾಹ್ನವೆಲ್ಲ ಹೊಸ ಡಬ್ಬಿ ಕಟ್ಟಿದೆ. ಆತುರದಲ್ಲಿ ಎರಡು ಬೆಸುಗೆ ಕೆಟ್ಟವು. ಯಜಮಾನರು ಕಾಫಿ ತಂದಿಟ್ಟು ಎದುರಿಗೆ ಕೂತರು.

“ನೀನು ಹೋದಾಗೆಲ್ಲ ಚೆನ್ನಾಗೇ ಇರುತ್ತೆ ಅಲ್ವಾ?”

“ಹೌದು ಸಾರ್. ಎರಡು ಸಲವೂ.”

“ನಮ್ಮ ಫ್ಯಾಕ್ಟರೀಲಿ ಇನ್ಸ್‌ಪೆಕ್ಷನ್ ದಿನ ಎಲ್ಲಾ ಮಿಷನ್ನೂ ಚೆನ್ನಾಗೇ ಓಡ್ತಿದ್ವು. ನೀನು ಬರ್ತೀಯ ಅಂತ ಅವ್ರಿಗೆ ಹೇಗೆ ಗೊತ್ತಾಗುತ್ತೆ?”

“ಟೀಚರ್ ಹೇಳಿ ಕಳಿಸ್ತಾರೆ.”

“ಹಂಗಾದ್ರೆ ನಾಳೆ ಹೇಳ್ದೇ ಹೋಗು.”

ಇದು ನನಗೆ ಹಿಡಿಸಲಿಲ್ಲ. ಮನುಷ್ಯ ಬರುತ್ತಾನೆಂದು ಪ್ಯಾನೆಲ್ಲಿಗೆ ಗೊತ್ತಾಗುವುದಿಲ್ಲ ಎಂದು ವಾದಿಸಿದೆ. “ಪ್ಯಾನೆಲ್ಲಿಗೆ ಗೊತ್ತಾಗಲ್ಲಪ್ಪ” ಎಂದು ಅವರು ಲೋಟ ಎತ್ತಿಕೊಂಡು ಎದ್ದರು.

ಭಾನುವಾರ ಎಂಟೂವರೆಗೆ ಹೊಸ ಡಬ್ಬಿ ಹಿಡಿದು ಜೆ.ಪಿ. ನಗರದ ಕೊನೆಯಲ್ಲಿ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದೆ. ಆಕಾಶ ತೊಳೆದಂತಿತ್ತು. ಓಣಿಯ ತಿರುವಿನಲ್ಲೇ ಮಾಡಿನ ಅಂಚು ಕಾಣುತ್ತದೆ. ಪ್ಯಾನೆಲ್ಲಿನ ಮೇಲೆ ಹಳದಿಯದೇನೋ ಇತ್ತು. ಹತ್ತಿರ ಹೋದೆ. ಗಾಜಿನ ನಡುಮಧ್ಯೆ, ಮೇಲಿನಿಂದ ಎರಡನೇ ಸಾಲಿನ ಒಂದು ಚೂರನ್ನು ಪೂರ್ತಿ ಮುಚ್ಚಿಕೊಂಡು, ಅರಿಶಿನದ ಮುದ್ದೆಗೆ ಅಂಟಿಸಿದ ಒಂದು ದಪ್ಪ ಸೇವಂತಿಗೆ. ಅದರ ಕೆಳಗೆ ಕುಂಕುಮ.

ತಾಯಿ ನನ್ನನ್ನು ನೋಡಿದ್ದೇ ಹೊಸೆಯುತ್ತಿದ್ದ ಊದುಬತ್ತಿ ಬಿಟ್ಟು ಜಗಲಿ ಹತ್ತಿ ಕೈ ಚಾಚಿದರು.

“ಅಮ್ಮಾ, ತೆಗೀಬೇಡಿ! ಹಾಗೇ ಇರ್ಲಿ!”

ಬೈಯುತ್ತಿದ್ದೇನೆ ಎಂದುಕೊಂಡು ಆಕೆ ಬೆಚ್ಚಿ ನಿಂತರು. ನಾನು ಮೀಟರ್ ಹಾಕಿದೆ. ಮುಳ್ಳು ಏಳಲೇ ಇಲ್ಲ ಎನ್ನುವಷ್ಟು ಕಡಿಮೆ: ಒಂಬತ್ತು. ಹೂವನ್ನು ಅರಿಶಿನದ ಮುದ್ದೆ ಸಮೇತ ಎತ್ತಿದೆ. ಮುಳ್ಳು ಒಮ್ಮೆಲೇ ಎಪ್ಪತ್ತಕ್ಕೆ ಹಾರಿತು. ಮತ್ತೆ ಇಟ್ಟೆ. ಒಂಬತ್ತು. ಹನ್ನೆರಡು ಚೂರುಗಳು ಸರಪಣಿಯಾಗಿದ್ದರೆ ಒಂದು ಕತ್ತಲಾದರೂ ಉಳಿದ ಹನ್ನೊಂದರ ಕೆಲಸ ನಿಲ್ಲುತ್ತದೆ. ಕೊಳಾಯಿಯ ಪೈಪನ್ನು ಒಂದೇ ಕಡೆ ಒತ್ತಿ ಹಿಡಿದಂತೆ. ಎಂ.ಎಸ್‌ಸಿ.ಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದವನು ನಾನು.

“ಯಾವತ್ತಿಂದ ಇಡ್ತಿದೀರಮ್ಮ?”

“ಆಯುಧಪೂಜೆಯಿಂದ ಸಾರ್. ಕತ್ರಿ, ಕರಣೆ, ಮಚ್ಚು ಎಲ್ಲಕ್ಕೂ ಮಾಡ್ದೆ. ಇದಕ್ಕೆ ಮಾಡ್ದಿದ್ರೆ ಹೆಂಗೆ? ನಮ್ಮ ಮಗೀಗೆ ಕಿವಿ ಕೊಟ್ಟಿರೋದೇ ಇದು. ಆವತ್ತಿಂದ ದಿನಾ ತಲೆ ಮೇಲೆ ನೀರ್ ಹುಯ್ಕೊಂಡು ಒಂದು ಹೂ ಮಡಗ್ತೀನಿ. ಅರಿಶ್ನ ಒಣಗ್ದಾಗ ಮಧ್ಯಾಹ್ನದ್ ಮ್ಯಾಲೆ ಅದೇ ಬಿದ್ದೋಯ್ತದೆ.”

ಹಾಗಾದರೆ ಅರ್ಧ ದಿನ ಮಾತ್ರ ಚಾರ್ಜ್ ಆಗುತ್ತಿತ್ತು. ಮೂರು ಗಂಟೆಯ ಲೆಕ್ಕ ಸರಿಯಾಗಿ ಹೊಂದಿತು.

“ನಾನು ಬಂದಾಗ ಯಾಕೆ ಇರ್ಲಿಲ್ಲ?”

ಅಷ್ಟರಲ್ಲಿ ಹುಡುಗಿ ಹೊರಗೆ ಬಂದಿದ್ದಳು. ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಅವಳು ಚುರುಕು. ಏರಿಳಿತವಿಲ್ಲದ, ತುಸು ಜೋರಾದ ಅವಳ ದನಿಯಲ್ಲಿ ಹೇಳಿದಳು: “ನೀವ್ ನಗ್ತೀರ ಅಂತ.”

“ನಾನ್ಯಾಕೆ ನಗ್ಲಿ?”

“ಪ್ಯಾನೆಲ್ ಕಟ್ಟಿದ್ ದಿನ ನಕ್ರಿ. ಅಮ್ಮ ಕುಂಕುಮ ತಂದ್ಲು. ‘ಇದೇನು ದೇವ್ರಲ್ಲಮ್ಮ, ಮರಳು ಕಾಯ್ಸಿ ಮಾಡಿರೋ ಬಿಲ್ಲೆ’ ಅಂದ್ರಿ. ಮಿಸ್ಸೂ ನಕ್ರು.”

ನನಗೆ ಆ ಮಾತು ಈಗಲೂ ನೆನಪಿಲ್ಲ. ಟೀಚರನ್ನು ಆಮೇಲೆ ಕೇಳಿದೆ. “ಅಂದ್ರಿ ಸಾರ್, ನಂಗೂ ನಗು ಬಂತು” ಎಂದರು. ತಾಯಿ, ಮಗಳು, ಟೀಚರ್ ಮೂವರೂ ಹೇಳುವುದು ಒಂದೇ. ನನ್ನ ತಲೆಯೊಳಗೆ ‘ಗಾಜು ಶುಚಿಯಾಗಿರಲಿ’ ಎಂಬ ಸಭ್ಯ ವಾಕ್ಯವೊಂದೇ ಇದೆ. ಮಾತು ನನ್ನ ಸ್ವಭಾವದ್ದೇ, ಆದ್ದರಿಂದ ಒಪ್ಪಿಕೊಂಡಿದ್ದೇನೆ. ಶುಕ್ರವಾರ ಮಾಡಿನ ಹೆಂಚಿನ ಸಂದಿಯಲ್ಲಿ ಹಳದಿ ಎಸಳೊಂದನ್ನು ನೋಡಿದ್ದೆ ಎಂದೂ ಈಗ ಅನ್ನಿಸುತ್ತದೆ. ಆದರೆ ಅದು ನೋಡಿದ್ದೋ, ಆಮೇಲೆ ಕಟ್ಟಿಕೊಂಡದ್ದೋ ಹೇಳಲಾರೆ.

ತಾಯಿ ಸೆರಗಿನ ತುದಿಯಿಂದ ಗಾಜನ್ನು ಒರೆಸತೊಡಗಿದರು. “ತಪ್ಪಾಯ್ತು ಸಾರ್. ಇನ್ಮೇಲೆ ಇಡಕಿಲ್ಲ. ನಾನೇ ನನ್ನ ಮಗೀಗೆ…”

‘ಸರಿ, ಇಡಬೇಡಿ’ ಎಂದು ಹೇಳಿ ಹೊರಟುಬಿಡಬಹುದಿತ್ತು. ಅದೇ ಸುಲಭ. ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಜಗಲಿಯ ಮೇಲೆ ನಿಂತು ಯೋಚಿಸಿದಾಗ ಒಂದು ಸಂಗತಿ ಹೊಳೆಯಿತು: ಈ ಮನೆಯಲ್ಲಿ ಹೂ ನಿಂತರೆ ಇನ್ನೇನೋ ಶುರುವಾಗುತ್ತದೆ, ಅದನ್ನೂ ನನ್ನಿಂದ ಮುಚ್ಚಿಡುತ್ತಾರೆ, ಮುಂದಿನ ಸಲವೂ ನನ್ನ ಮೀಟರ್ ಎಂಬತ್ತೈದು ತೋರಿಸುತ್ತದೆ. ಪ್ರತಿ ಚೂರಿಗೂ ಒಂದು ಅಡ್ಡದಾರಿಯ ಡಯೋಡ್ ಕೊಟ್ಟರೆ ಹೂವಿದ್ದರೂ ಕರೆಂಟು ಬಳಸಿ ಹೋಗುತ್ತದೆ; ಆದರೆ ಗಾಜು ಬಿಚ್ಚಬೇಕು, ವಾರ ಬೇಕು. ಹೂವಿಗೆ ಜಾಗ ಮಾಡುವುದೇ ಸರಿ ಎಂದು ತೀರ್ಮಾನಿಸಿದೆ.

“ಒಂದು ಹಳೇ ಎಣ್ಣೆ ಡಬ್ಬ ಇದ್ರೆ ಕೊಡಿ ಅಮ್ಮ.”

ಡಬ್ಬದ ತಗಡನ್ನು ನಾಲ್ಕು ಬೆರಳಗಲ ಕತ್ತರಿಸಿ, ಇಕ್ಕಳದಿಂದ ಬಗ್ಗಿಸಿ, ಪ್ಯಾನೆಲ್ಲಿನ ಚೌಕಟ್ಟಿನ ಮೇಲಂಚಿಗೆ ಸಿಕ್ಕಿಸುವ ಪುಟ್ಟ ಗೂಡು ಮಾಡಿದೆ. ಪ್ಯಾನೆಲ್ ದಕ್ಷಿಣಕ್ಕೆ ಓರೆಯಾಗಿತ್ತು, ಮೇಲಂಚು ಉತ್ತರಕ್ಕೆ. ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಸೂರ್ಯ ದಕ್ಷಿಣದಲ್ಲೇ ಇರುವುದರಿಂದ, ಮೇಲಂಚಿನಲ್ಲಿ ಏನಿಟ್ಟರೂ ನೆರಳು ಹಿಂದಕ್ಕೆ, ಹೆಂಚಿನ ಮೇಲೆ ಬೀಳುತ್ತದೆ, ಗಾಜಿನ ಮೇಲಲ್ಲ. ಕೈಯನ್ನೇ ಹೂವಾಗಿಸಿ ಹಿಡಿದು ತೋರಿಸಿದೆ. ತಾಯಿ ನೆರಳನ್ನು ನೋಡಿದರು, ನನ್ನನ್ನು ನೋಡಿದರು.

“ದೇವ್ರಿಗೆ ಅಂಚಲ್ಲಿ ಇಡೋದಾ ಸಾರ್?”

“ಅಂಚಲ್ಲ ಅಮ್ಮ, ತಲೆ ಮೇಲೆ. ಮುಖದ ಮೇಲೆ ಯಾರಾದ್ರೂ ಹೂ ಇಡ್ತಾರಾ? ಉಸಿರು ಕಟ್ಟಲ್ವಾ?”

ಹುಡುಗಿ ಜೋರಾಗಿ ನಕ್ಕಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅರಿಶಿನ ಕುಂಕುಮವೂ ಚೌಕಟ್ಟಿನ ಮರಕ್ಕೆ ಹೋಯಿತು. ಹೊಸ ಡಬ್ಬಿ ಜೋಡಿಸಿ ಹತ್ತು ಗಂಟೆಗೆ ಮೀಟರ್ ನೋಡಿದರೆ, ಗೂಡಿನಲ್ಲಿ ಹೂವಿದ್ದೇ ಎಂಬತ್ತೊಂದು.

ಸೋಮವಾರ ಮಿಷನ್ನು ಸಂಜೆಯವರೆಗೂ ನಡೆಯಿತು. ಡಿಕ್ಟೇಷನ್ ಇರಲಿಲ್ಲ. ಮಂಗಳವಾರವೂ ಇರಲಿಲ್ಲ, ಆದರೆ ಮಂಗಳವಾರ ಬೆಳಗಿನಿಂದ ಮಳೆ. ಇಡೀ ದಿನ ಬಿಸಿಲಿನ ಒಂದು ಎಳೆಯೂ ಕಾಣಲಿಲ್ಲ. ಬುಧವಾರ ಏಳು ಗಂಟೆಗೇ ಪುಟ್ಟೇನಹಳ್ಳಿಗೆ ಹೋದೆ. ಆವತ್ತು ಶಾಲೆಗೆ ಹೋಗಬೇಕಾದ ಜೋಡಿ ಹಿಂದಿನ ದಿನ ಮಳೆಯಲ್ಲಿ ಡಬ್ಬಿಯೊಳಗಿದ್ದದ್ದು. ಉಳಿದದ್ದು, ತುಂಬಿದ್ದು ಎಲ್ಲ ಕೂಡಿಸಿದರೆ ಕಾಗದದ ಮೇಲೆ ನಾಲ್ಕು ಗಂಟೆ ಹೊತ್ತು ನಡೆಯುವಷ್ಟು ಬರುತ್ತಿತ್ತು. ಸೆಲ್ಲಿನ ಮೇಲೆ ನಂಬಿಕೆಯಿಲ್ಲದೆ ಅದನ್ನು ಎರಡು ಗಂಟೆ ಹೊತ್ತಿಗೆ ಇಳಿಸಿದೆ.

ಹುಡುಗಿಯನ್ನು ಎದುರಿಗೆ ಕೂರಿಸಿ ನಿಧಾನವಾಗಿ ಹೇಳಿದೆ. “ಊಟದ ಬೆಲ್‌ವರೆಗೆ ಆಫ್. ಆಮೇಲೆ ಆನ್. ತಿಳೀತಾ?”

“ಯಾರಾದ್ರೂ ಕೂಗಿದ್ರೆ?”

“ತುಟಿ ನೋಡು.”

“ಹಿಂದಿಂದ ಕೂಗಿದ್ರೆ?”

ಅವಳು ಸ್ವಿಚ್ಚನ್ನು ಕೆಳಕ್ಕೆ ತಳ್ಳಿ, ಮಿಷನ್ನನ್ನು ಜೇಬಿಗಿಟ್ಟು, ಚೀಲ ಹೆಗಲಿಗೇರಿಸಿದಳು.

ಮಧ್ಯಾಹ್ನ ಶೆಡ್ಡಿನಲ್ಲಿ ಕೆಲಸ ಸಾಗಲಿಲ್ಲ. ಮೂರೂ ಮುಕ್ಕಾಲಿಗೆ ಶಾಲೆಯ ಗೇಟಿನ ಬಳಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಟೀಚರ್ ಕೊಡೆ ಹಿಡಿದು ಬಂದರು. ಗಾಳಿ ಎದ್ದು ಮತ್ತೆ ಮಳೆ ಹನಿಯತೊಡಗಿತು. ನಾವು ಕಾರಿಡಾರಿಗೆ ಸರಿದೆವು. ಜವಾನ, “ಹೆಡ್ ಮಿಸ್ ಎಂಟನೇ ಕ್ಲಾಸಲ್ಲಿದಾರೆ” ಎಂದ. ಟೀಚರ್ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, ತಕ್ಷಣ ಬಿಟ್ಟರು.

ಬೆಲ್ ಹೊಡೆಯಿತು. ಮಕ್ಕಳೆಲ್ಲ ನುಗ್ಗಿಹೋದ ಮೇಲೆ ಮುಖ್ಯೋಪಾಧ್ಯಾಯಿನಿ ಒಂದು ಹಾಳೆ ಹಿಡಿದು ಹೊರಬಂದರು. ಅವರ ಹಿಂದೆ ಹುಡುಗಿ. ಹಾಳೆಯ ಮಧ್ಯೆ ಒಂದು ಕೆಂಪು ಗೆರೆ ಕಂಡಿತು.

“ಸ್ವಿಚ್ ಯಾವಾಗ ಹಾಕಿದೆ?” ಎಂದು ಹುಡುಗಿಯನ್ನು ಕೇಳಿದೆ.

“ಕೊನೇ ಪೀರಿಯಡ್ಡಿಗೆ.”

ಅಂದರೆ ಚಾರ್ಜ್ ಉಳಿಸಲೆಂದು ಊಟವಾದ ಮೇಲೂ ಅವಳು ಮಿಷನ್ನು ಆಫ್ ಮಾಡಿಕೊಂಡೇ ಕೂತಿದ್ದಳು.

“ಗಣಿತದ ಮಿಸ್ ಕಂಪ್ಲೇಂಟ್ ಮಾಡಿದ್ರು, ಇವತ್ತೆಲ್ಲಾ ಕಲ್ಲು ಥರ ಇದ್ಲಂತೆ” ಎಂದರು ಮುಖ್ಯೋಪಾಧ್ಯಾಯಿನಿ. ಹಾಳೆಯನ್ನು ಟೀಚರ್ ಕೈಗೆ ಕೊಟ್ಟರು. “ಹತ್ತು ವಾಕ್ಯ ಕೊಟ್ಟೆ. ಪುಸ್ತಕ ಬಾಯಿಗೆ ಅಡ್ಡ ಹಿಡ್ಕೊಂಡೇ ಓದ್ದೆ. ಇವಳು ಹನ್ನೊಂದು ಬರ್ದಿದಾಳೆ.”

ಟೀಚರ್ ಓದಿದರು. ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಏಳನೆಯ ವಾಕ್ಯದ ಕೆಳಗೆ ಕೆಂಪು ಗೆರೆ: ‘ಕಿಟಕಿ ಹಾಕಮ್ಮ, ಎರಚಲು ಬರ್ತಿದೆ.’

“ಅದು ಡಿಕ್ಟೇಷನ್ ಅಲ್ಲ” ಎಂದರು ಮುಖ್ಯೋಪಾಧ್ಯಾಯಿನಿ. “ಹಿಂದಿನ ಬೆಂಚಿನ ಹುಡುಗಿಗೆ ಹೇಳಿದ್ದು. ಬೋರ್ಡ್ ಒರೆಸ್ತಾ, ಆ ಕಡೆ ತಿರುಗಿಕೊಂಡು ಹೇಳಿದ್ದು.” ಕೆಂಪು ಪೆನ್ನಿನಿಂದ ಆ ಗೆರೆ ತೋರಿಸಿ, “ಅರ್ಧ ಮಾರ್ಕು ಕಳೆದಿದೀನಿ” ಎಂದು ಸೇರಿಸಿದರು.

ಹುಡುಗಿ ಅವರ ತುಟಿಯನ್ನೇ ನೋಡುತ್ತಿದ್ದಳು. ಅವಳ ಮುಖ ಕೆಂಪಾಯಿತು. ಖಾಲಿ ಕಾರಿಡಾರು ಪೂರ್ತಿ ಕೇಳುವಂತೆ ಹೇಳಿದಳು:

“ಹೇಳಿದ್ರಿ ಮಿಸ್. ನಂಗೆ ಕೇಳಿಸ್ತು.”

ಮುಖ್ಯೋಪಾಧ್ಯಾಯಿನಿ ಕೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆದು, ಹಾಳೆಯನ್ನು ಟೀಚರ್ ಕೈಯಿಂದ ವಾಪಸ್ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು, ಕಳೆದಿದ್ದ ಅರ್ಧ ಮಾರ್ಕನ್ನು ಮತ್ತೆ ಹಾಕಿದರು.